ತೊಗಟೆ ಕಾಕಾರ ನಾಲಗೆ

ಕಾಕಾರ ನಾಲಗೆ ಕಂದು ಬಣ್ಣದ್ದಾಗಿತ್ತು. ಎಲೆ ಅಡಿಕೆಯ ಕೆಂಪಲ್ಲ, ತಂಬಾಕಿನ ಕಪ್ಪೂ ಅಲ್ಲ; ಚಹಾದ ಪಾತ್ರೆಯ ತಳದಲ್ಲಿ ವರ್ಷಗಟ್ಟಲೆ ಕೂತ ಕಲೆಯಂಥ ಕಂದು. ಮಾತಾಡುವಾಗ ಅದು ಕಾಣುತ್ತಿರಲಿಲ್ಲ. ಯಾರಾದರೂ ತೊಗಟೆಯ ಬಗ್ಗೆ ಅನುಮಾನ ಪಟ್ಟರೆ ಮಾತ್ರ ಪೂರ್ತಿ ಹೊರಗೆ ಚಾಚಿ ತೋರಿಸಿ, ಒಳಗೆಳೆದುಕೊಂಡು, "ನಲವತ್ತ ವರ್ಷದ್ದು ಸರ್ಟಿಫಿಕೇಟ್ ರೀ ಇದು" ಎನ್ನುತ್ತಿದ್ದರು. ಗಿರಾಕಿ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಾಲಗೆಯನ್ನು ನಾನು ದೇವರನ್ನು ನಂಬಿದ ಹಾಗೆ ನಂಬಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ.

ಪುಣೆಯ ಹಳೆಯ ಪೇಠೆಯೊಂದರ ಗಲ್ಲಿಯಲ್ಲಿ ಅವರ ಗಿಡಮೂಲಿಕೆಯ ಅಂಗಡಿ. ಬೇರು, ಬೀಜ, ಹೂವು, ಅಂಟು ಎಲ್ಲ ಇತ್ತು. ಆದರೆ ಅವರ ಜೀವ ಇದ್ದದ್ದು ಒಗರಿನ ಸಾಮಾನಿನಲ್ಲಿ. ವಸಡಿನಲ್ಲಿ ರಕ್ತ ಬಂದರೆ ಬಾಯಿ ಮುಕ್ಕಳಿಸಲು ಜಾಲಿ ತೊಗಟೆ, ಗಂಟಲು ಕೆರೆದರೆ ಅಳಲೆಕಾಯಿ, ಬಾಯಿಹುಣ್ಣಿಗೆ ಕಾಚು, ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುವ ಹೆಂಗಸರಿಗೆ ಅಶೋಕದ ತೊಗಟೆ. ಅಗಿದಾಗ ನಾಲಗೆಯನ್ನು ಜಗ್ಗಿ ಹಿಡಿಯುವ ಪದಾರ್ಥ ಹೊಟ್ಟೆಯೊಳಗೆ ಹೋದ ಮೇಲೂ ಹರಿಯುವುದನ್ನು ಹಿಡಿದು ನಿಲ್ಲಿಸುತ್ತದೆ ಎನ್ನುವುದು ಅವರ ನಂಬಿಕೆ. ಜನ ಅವರನ್ನು ತೊಗಟೆ ಕಾಕಾ ಎಂದೇ ಕರೆಯುತ್ತಿದ್ದರು. ವೈದ್ಯರೇ ಎಂದು ಯಾರಾದರೂ ಕರೆದರೆ ಸಿಟ್ಟಿಗೇಳುತ್ತಿದ್ದರು.

ನಾನು ಮೊದಲ ಸಲ ಆ ಅಂಗಡಿಯ ಮೆಟ್ಟಿಲು ಹತ್ತಿದ್ದು ಅತ್ತೆಯ ಗಂಟಲಿಗೆ ಅಳಲೆಕಾಯಿ ತರಲು. ಇಂಡಿ ಕಡೆಯಿಂದ ಮದುವೆಯಾಗಿ ಬಂದು ಬಹಳ ದಿನವಾಗಿರಲಿಲ್ಲ. ಮರಾಠಿ ಬಾರದೆ ಬೆರಳಿನಲ್ಲಿ ಆಕಾರ ತೋರಿಸುತ್ತ, ಕೆಮ್ಮಿ ತೋರಿಸುತ್ತ, ನಡುವೆ ಕನ್ನಡದಲ್ಲಿ ಗೊಣಗುತ್ತ ನಿಂತಿದ್ದೆ. ಕಾಕಾ ಅರ್ಧ ನಿಮಿಷ ನನ್ನ ನಾಟಕ ನೋಡಿ, "ಅಳಲೆಕಾಯೇನವಾ? ಕನ್ನಡದಾಗ ಕೇಳಿದ್ರ ನನ್ನ ಅಂಗಡಿ ಬಿದ್ದ ಹೋಗತಿತ್ತೇನ?" ಎಂದರು. ಅವರು ಜಮಖಂಡಿ ಕಡೆಯವರು. ಹರೆಯದಲ್ಲಿ ಜೇಜುರಿಯ ಖಂಡೋಬನಿಗೆ ಹರಕೆ ತೀರಿಸಲು ಬಂದವರು ಪುಣೆಯಲ್ಲೇ ಉಳಿದುಬಿಟ್ಟಿದ್ದರು. ಹಣೆಯ ಮೇಲೆ ಸದಾ ಆ ದೇವರ ಭಂಡಾರದ ಅರಿಶಿನ ಇರುತ್ತಿತ್ತು.

ವರ್ಷಗಳ ನಂತರ ಮಗಳು ಕಾಲೇಜಿಗೆ ಸೇರಿ ಮನೆಯಲ್ಲಿ ಹೊತ್ತು ಹೋಗದಾದಾಗ, ಅಂಗಡಿಗೆ ಕೆಲಸಕ್ಕೆ ಬರಲೇ ಎಂದು ನಾನೇ ಕೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಖಾರ ಭಾಳ ತಿಂತೀಯೇನ?"

"ತಿಂತೀನ್ರಿ ಕಾಕಾ."

"ಕಡಿಮಿ ಮಾಡು. ಸೋಮವಾರದಿಂದ ಬಾ."

ಖಾರದ ಗುಟ್ಟು ಹೊಸ ಚೀಲ ಬಂದ ದಿನ ಗೊತ್ತಾಯಿತು. ಅಂಥ ದಿನ ಕಾಕಾ ಬೆಳಗಿನಿಂದ ಚಹಾ ಮುಟ್ಟುತ್ತಿರಲಿಲ್ಲ. ಮೂರು ಸಲ ಬಾಯಿ ಮುಕ್ಕಳಿಸುತ್ತಿದ್ದರು. ಚೀಲದ ಬಾಯಿಯಿಂದ ಒಂದು, ನಡುವಿನಿಂದ ಒಂದು, ತಳದಿಂದ ಒಂದು ತುಂಡು ತೆಗೆದು, ಒಂದೊಂದನ್ನೂ ಅಗಿದು, ಉಗುಳಿ, ಕಣ್ಣು ಮುಚ್ಚಿ ಕೂರುತ್ತಿದ್ದರು. ಒಗರಿನ ಗುರುತು ಸಿಗುವುದು ತುಂಡು ಬಾಯಲ್ಲಿದ್ದಾಗಲ್ಲ, ಉಗುಳಿದ ಮೇಲೆ. ಅದು ನಾಲಗೆಯ ಯಾವ ಜಾಗವನ್ನು ಹಿಡಿಯುತ್ತದೆ, ಎಷ್ಟು ಹೊತ್ತು ಬಿಡುವುದಿಲ್ಲ ಎಂದು ಕಾಯಬೇಕು. ಕಾಕಾ ಕಣ್ಣು ತೆರೆದು "ಅಸಲ್ ಅದ" ಎಂದರೆ ಮಾತ್ರ ಆ ಚೀಲವನ್ನು ಡಬ್ಬಿಗಳಿಗೆ ಸುರಿಯಬೇಕು.

"ಬಣ್ಣಾ ಹಚ್ಚಬಹುದು, ವಾಸನಿ ಹಾಕಬಹುದು," ಎನ್ನುತ್ತಿದ್ದರು. "ಒಗರು ಮಾತ್ರ ಯಾರಿಗೂ ಹಚ್ಚಲಿಕ್ಕೆ ಬರಂಗಿಲ್ಲ ನೋಡವಾ."

ಅಶೋಕದ ವಿಷಯದಲ್ಲಂತೂ ಬಹಳ ಕಟ್ಟುನಿಟ್ಟು. ವಸತಿ ಸೊಸೈಟಿಗಳ ಕಾಂಪೌಂಡಿಗೆ ಸಾಲಾಗಿ ನೆಡುತ್ತಾರಲ್ಲ, ಉದ್ದ ಎಲೆಯ, ಕಂಬದ ಹಾಗೆ ನೆಟ್ಟಗೆ ಬೆಳೆಯುವ ಗಿಡ, ಅದರ ತೊಗಟೆ ಒಣಗಿದರೆ ನೋಡಲು ಹೆಚ್ಚುಕಡಿಮೆ ಅಶೋಕದ ತೊಗಟೆಯ ಹಾಗೇ ಇರುತ್ತದೆ. ಅದನ್ನೇ ಅಶೋಕವೆಂದು ಮಾರುವವರು ಪೇಟೆಯಲ್ಲಿ ಬೇಕಾದಷ್ಟು. ಒಮ್ಮೆ ಬೇರೊಬ್ಬ ವ್ಯಾಪಾರಿಯಿಂದ ಅಂಥ ಒಂದು ಚೀಲ ಬಂದಾಗ ಕಾಕಾ ಟೆಂಪೋದವನನ್ನು ತಡೆದು, ಗಿರಾಕಿಗಳ ಎದುರೇ ಅದನ್ನು ವಾಪಸ್ ಹೇರಿಸಿದರು. "ಇದನ್ನ ಕುಡದ ಹೆಣ್ಣಮಗಳು ಇವತ್ತ ನಿಂತೀತು, ನಾಳೆ ನಿಂತೀತು ಅಂತ ಕಾಯ್ಕೋತ ಕೂಡತಾಳ. ಹೋದ ರಕ್ತ ಯಾರ ತಂದ ಕೊಡತಾರ ಆಕಿಗೆ?" ಎಂದು ಗಲ್ಲಿಗೆಲ್ಲ ಕೇಳುವ ಹಾಗೆ ಕೂಗಿದರು. ಅಂದು ಮನೆಗೆ ಹೋಗಿ ನನ್ನ ಗಂಡನಿಗೆ ಈ ಮಾತನ್ನು ಮೂರು ಸಲ ಹೇಳಿದ್ದೆ. ಇಂಥವರ ಕೈಕೆಳಗೆ ದುಡಿಯುತ್ತೇನೆ ಎಂಬ ಹೆಮ್ಮೆ ನನಗೆ.

ಇನ್ನೊಂದು ನಿಯಮವೂ ಇತ್ತು. ಅಶೋಕದ ತೊಗಟೆ ಒಯ್ಯುವ ಪ್ರತಿ ಹೆಂಗಸಿಗೂ ಅವರು ಅದನ್ನು ಮಾಡುವ ಕ್ರಮ ಹೇಳುತ್ತಿದ್ದರು: ಜಜ್ಜಿ, ಒಂದು ಪಾಲು ಹಾಲು ನಾಲ್ಕು ಪಾಲು ನೀರಿನಲ್ಲಿ ಹಾಕಿ, ನೀರೆಲ್ಲ ಇಂಗಿ ಹಾಲಷ್ಟೇ ಉಳಿಯುವ ತನಕ ಕುದಿಸಿ, ಸೋಸಿ ಕುಡಿಯುವುದು. ಕೊನೆಗೆ ಬೆರಳೆತ್ತಿ, "ಎರಡ ತಿಂಗಳು. ಕಡಿಮಿ ಆಗಲಿಲ್ಲಂದ್ರ ದವಾಖಾನಿಗೆ ಹೋಗಬೇಕು, ನನ್ನ ಕಡೆ ಬರಬಾರದು" ಎನ್ನುತ್ತಿದ್ದರು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿದೆ ಎಂದ ಒಬ್ಬ ಅಜ್ಜಿಗೆ ಸಾಮಾನನ್ನೇ ಕೊಡದೆ, ರಿಕ್ಷಾ ಕರೆದು ದವಾಖಾನೆಗೆ ಕಳಿಸಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನಗೆ ಒಗರು ಕಲಿಸಿದವರು ಅವರೇ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಸ್ಟೀಲಿನ ತಾಟಿನಲ್ಲಿ ಐದು ತುಂಡು ಇಟ್ಟು, ಕಣ್ಣು ಮುಚ್ಚಿಸಿ, ಒಂದೊಂದಾಗಿ ಬಾಯಿಗೆ ಕೊಡುತ್ತಿದ್ದರು. ಜಾಲಿ, ಮತ್ತಿ, ಅಶೋಕ, ಆ ಸೊಸೈಟಿ ಗಿಡ, ಬೇವು. ನಾನು ಮತ್ತಿಯನ್ನು ಜಾಲಿ ಎಂದೆ, ಜಾಲಿಯನ್ನು ಅಶೋಕ ಎಂದೆ. ಒಂದು ದಿನ ಬೇವನ್ನೂ ತಪ್ಪಿದೆ. ಕಾಕಾ ಬೈಯಲಿಲ್ಲ; "ಬಾಯಿ ತೊಳಕೊಂಡ ಬಾ, ಮತ್ತ ಹೇಳು" ಎನ್ನುತ್ತಿದ್ದರು, ಅಷ್ಟೇ. ಹೀಗೆ ಒಂದು ವರ್ಷ. ಮನೆಯಲ್ಲಿ ನನ್ನ ಅಡುಗೆ ಎಷ್ಟು ಸಪ್ಪಗಾಯಿತೆಂದರೆ ಮಗಳು ಉಪ್ಪಿನಕಾಯಿಯ ಭರಣಿಯನ್ನು ಊಟದ ಜಾಗದಲ್ಲೇ ಇಟ್ಟುಕೊಂಡಳು.

ಐದಕ್ಕೆ ಐದೂ ಸರಿ ಹೇಳಿದ ದಿನ ಕಾಕಾ ಒಂದು ಸಣ್ಣ ಹಿತ್ತಾಳೆ ಡಬ್ಬಿ ಕೊಟ್ಟರು. ಒಳಗೆ ಆ ಐದು ತೊಗಟೆಗಳ ತುಂಡುಗಳು, ಒಂದೊಂದು ಬೇರೆ ಬೇರೆ ಕಾಗದದಲ್ಲಿ, ಅವರ ಕೈಬರಹದ ಹೆಸರಿನೊಂದಿಗೆ. "ಎಂದಾರ ಅನುಮಾನ ಬಂತಂದ್ರ ಇದರ ಜೋಡಿ ಹೋಲಿಸಿ ನೋಡು. ನಾ ಹೋದ ಮ್ಯಾಲೆ ಈ ಅಂಗಡೀಗೆ ನಿನ್ನ ನಾಲಗೀನೇ ದಿಕ್ಕು" ಎಂದರು. ಅವರಿಗೆ ಮಕ್ಕಳಿರಲಿಲ್ಲ; ನನ್ನನ್ನೇ ಮಗಳೆನ್ನುತ್ತಿದ್ದರು. ನಾನು ಬಸ್ಸಿನಲ್ಲಿ ಧನಕವಡಿಯ ನಮ್ಮ ಮನೆಯವರೆಗೂ ಆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಆಮೇಲೆ ಕೊರೊನಾ ಬಂತು. ಎರಡನೆಯ ಸಲ ಅದು ಊರನ್ನು ಹಿಂಡಿದಾಗ ಕಾಕಾ ಇಪ್ಪತ್ತು ದಿನ ಮಲಗಿದರು. ನನಗೂ ಬಂತು, ನಾಲ್ಕು ದಿನದ ಜ್ವರಕ್ಕೆ ಮುಗಿಯಿತು. ನಲವತ್ತು ವರ್ಷದಿಂದ ಕೊಂಕಣದಿಂದ ಅಶೋಕದ ತೊಗಟೆ ಕಳಿಸುತ್ತಿದ್ದ ವ್ಯಾಪಾರಿ ಅದರಲ್ಲೇ ತೀರಿಕೊಂಡ. ಅಂಗಡಿ ಮತ್ತೆ ತೆರೆದಾಗ ಕಾಕಾ ಅರ್ಧ ಆಗಿದ್ದರು. ಅಂಗಿಯೊಳಗೆ ಮನುಷ್ಯನನ್ನು ಹುಡುಕಬೇಕಾಗಿತ್ತು. ಅಶೋಕದ ಸಾಮಾನನ್ನು ಯಾರೋ ಹೊಸಬ ಕಳಿಸತೊಡಗಿದ.

ಕೆಲವು ವ್ಯತ್ಯಾಸಗಳನ್ನು ನಾನು ಕಂಡೆ, ಆದರೆ ಕಂಡದ್ದನ್ನು ಅರ್ಥ ಮಾಡಿಕೊಳ್ಳಲಿಲ್ಲ. ಚೀಲ ಬಂದ ದಿನವೂ ಕಾಕಾ ಬೆಳಿಗ್ಗೆ ಚಹಾ ಕುಡಿಯತೊಡಗಿದರು. ಜಡ್ಡಿನಿಂದ ಎದ್ದವರು, ಕುಡಿಯಲಿ ಬಿಡು ಎಂದುಕೊಂಡೆ. ಒಂದು ದಿನ ನಾನು ಊಟದ ಡಬ್ಬಿಯ ಝುಣಕಕ್ಕೆ ಮರೆತು ಎರಡು ಸಲ ಉಪ್ಪು ಹಾಕಿದ್ದೆ. ಒಂದು ತುತ್ತು ತಿಂದು ನಾನೇ ಡಬ್ಬಿ ಮುಚ್ಚಿದೆ. ಕಾಕಾ ಮಾತ್ರ ಕೈ ಚಾಚಿ ಇಸಿದುಕೊಂಡು ಪೂರ್ತಿ ತಿಂದು, "ಭಾಳ ಛಲೋ ಆಗೇದವಾ" ಎಂದರು. ನನ್ನ ಮೇಲಿನ ಮಮತೆಯಿಂದ ತಿಂದರೆಂದು ನನ್ನ ಕಣ್ಣಲ್ಲಿ ನೀರು ಬಂತು. ಎಂಥ ಪೆದ್ದಿ ನಾನು!

ಆ ವರ್ಷವೇ ನನಗೆ ಮುಟ್ಟು ಹದಗೆಟ್ಟಿತು. ಮೂರು ದಿನದ್ದು ಎಂಟು ದಿನವಾಯಿತು, ಎಂಟರದ್ದು ಹನ್ನೆರಡಾಯಿತು. ಕಾಕಾರಿಗೆ ಹೇಳಲು ನಾಚಿಕೆಯಾಗಿ ಅವರ ಹೆಂಡತಿ ಕಾಕುವಿಗೆ ಹೇಳಿದೆ. ಕಾಕು ಅವರಿಗೆ ಹೇಳಿದರು. ಅವರೇ ಡಬ್ಬಿಯಿಂದ ಅಶೋಕದ ತೊಗಟೆ ತೆಗೆದು, ಒಂದು ತುಂಡು ತಮ್ಮ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ತೆರೆದು, "ಅಸಲ್ ಅದ, ಕುಡಿ" ಎಂದು ಪೊಟ್ಟಣ ಮಾಡಿದರು, ಕಾಕು ದಾರ ಸುತ್ತಿಕೊಟ್ಟರು.

ಕುದಿಸಿ ಕುಡಿದೆ. ಒಗರೇ ಇರಲಿಲ್ಲ. ಹಾಲಿನಲ್ಲಿ ಮರೆಯಾಗಿರಬೇಕೆಂದು ಬರೀ ತೊಗಟೆಯನ್ನೇ ಅಗಿದೆ. ಸ್ವಲ್ಪ ಕಹಿ, ಹಿಂದೆಯೇ ಸಪ್ಪೆ. ನಾಲಗೆಯನ್ನು ಎಲ್ಲೂ ಹಿಡಿಯಲಿಲ್ಲ. ಮರುದಿನ ಹೋಗಿ ಹೇಳಿದೆ.

"ಕಾಕಾ, ಇದರಾಗ ಒಗರು ಇಲ್ಲಲ್ರಿ."

ಅವರು ಇನ್ನೊಂದು ತುಂಡು ಅಗಿದು, ಉಗುಳಿ, ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು: "ಇದರಾಗ ಎಲ್ಲಾ ಅದ. ನಿನಗ ಆ ಜ್ವರ ಬಂದಿತ್ತಲ್ಲವಾ, ನಿನ್ನ ನಾಲಗಿ ಇನ್ನೂ ಸುಧಾರ್ಸಿಲ್ಲ. ಭಾಳ ಮಂದೀಗೆ ಹಂಗ ಆಗೇದ."

ನಾನು ನಂಬಿದೆ. ಒಂದು ವರ್ಷ ಬಾಯಿ ತೊಳೆದು ತೊಳೆದು ಕಲಿತದ್ದನ್ನು ಅವರ ಒಂದು ಮಾತಿಗೆ ಬಿಟ್ಟುಕೊಟ್ಟೆ. ಮನೆಯಲ್ಲಿ ಸಾರಿಗೆ ಉಪ್ಪು ಸರಿಯಿದೆಯೇ ಎಂದು ಮಗಳನ್ನು ಕೇಳತೊಡಗಿದೆ. ಹಿತ್ತಾಳೆ ಡಬ್ಬಿಯನ್ನು ಕಪಾಟಿನ ಮೇಲಿನ ಅರೆಗೆ ಹಾಕಿದೆ. ಹಾಳಾದ ನಾಲಗೆಗೆ ಅದರಿಂದ ಏನು ಉಪಯೋಗ?

ಎರಡು ತಿಂಗಳಾಯಿತು. ಕಡಿಮೆಯಾಗಲಿಲ್ಲ. ಅವರದೇ ನಿಯಮದ ಪ್ರಕಾರ ದವಾಖಾನೆಗೆ ಹೋಗಬೇಕಲ್ಲವೇ ಎಂದು ಕೇಳಿದೆ. "ಇನ್ನೊಂದ ತಿಂಗಳು ನೋಡು" ಎಂದರು. ಆಮೇಲೆ ಮತ್ತೊಂದು. ಎಲ್ಲ ಹೆಂಗಸರಿಗೆ ಎರಡು ತಿಂಗಳು. ಮಗಳೆಂದು ಕರೆಸಿಕೊಂಡ ನನಗೆ ಹದಿನಾಲ್ಕು ತಿಂಗಳು! ಗಂಡ ಬೈಯುತ್ತಿದ್ದರು. "ನಿಮ್ಮ ಕಾಕಾ ಏನ ಡಾಕ್ಟರ್ ಏನು?" ಎಂದರೆ, "ನಿಮಗೇನ ಗೊತ್ತದ ಅವರ ವಿಷಯಾ?" ಎಂದು ನಾನೇ ಅವರ ಬಾಯಿ ಮುಚ್ಚಿಸುತ್ತಿದ್ದೆ.

ಸ್ವಾರಗೇಟಿನಲ್ಲಿ ಬಸ್ಸಿಗೆ ನಿಂತವಳು ಅಲ್ಲೇ ಬಿದ್ದೆ. ಕಣ್ಣು ಬಿಟ್ಟಾಗ ಕೈಗೆ ರಕ್ತದ ಬಾಟಲಿ ಹಚ್ಚಿದ್ದರು. ಗರ್ಭಕೋಶದಲ್ಲಿ ಗಡ್ಡೆಗಳಿದ್ದವು, ಗರ್ಭಕೋಶವನ್ನೇ ತೆಗೆದರು. ಡಾಕ್ಟರಮ್ಮ ಒಳ್ಳೆಯವರು. ನಾನು ತೊಗಟೆ ಕುಡಿದದ್ದನ್ನು ಕೇಳಿ ನಗಲಿಲ್ಲ. ಅಸಲಿ ತೊಗಟೆಯಾದರೂ ಆ ಗಡ್ಡೆಗಳನ್ನು ಕರಗಿಸುತ್ತಿರಲಿಲ್ಲ, ಆದರೆ ಒಂದು ವರ್ಷ ಮೊದಲೇ ಬಂದಿದ್ದರೆ ಇಷ್ಟು ದೂರ ಹೋಗುತ್ತಿರಲಿಲ್ಲ ಎಂದರು. ಅದನ್ನು ನಾನು ಒಪ್ಪುತ್ತೇನೆ. ಗಡ್ಡೆಯ ತಪ್ಪನ್ನು ಕಾಕಾರ ತಲೆಗೆ ಕಟ್ಟುವಷ್ಟು ಅನ್ಯಾಯಗಾರ್ತಿ ನಾನಲ್ಲ. ನನ್ನ ಜಗಳ ಬೇರೆಯೇ ಇದೆ.

ಮನೆಗೆ ಬಂದ ಮೇಲೆ ಡಾಕ್ಟರು ದಿನಾ ಸ್ವಲ್ಪ ನಡೆಯಲು ಹೇಳಿದ್ದರು. ಒಂದು ಬೆಳಿಗ್ಗೆ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ ಮಾಲಿ ಆ ಎತ್ತರದ ಗಿಡಗಳ ಕೊಂಬೆ ಕಡಿಸುತ್ತಿದ್ದ. ಕಾಲ ಬಳಿ ತೊಗಟೆಯ ಒಂದು ಸೀಳು ಬಿದ್ದಿತ್ತು. ಅಂಗಡಿಯವಳ ಚಟ, ಎತ್ತಿ ಬಾಯಿಗೆ ಹಾಕಿಕೊಂಡೆ.

ಹದಿನಾಲ್ಕು ತಿಂಗಳು ದಿನಕ್ಕೆರಡು ಸಲ ಕುಡಿದ ರುಚಿ ಅದು. ಸ್ವಲ್ಪ ಕಹಿ, ಹಿಂದೆಯೇ ಸಪ್ಪೆ.

ಮನೆಗೆ ಹೋಗಿ, ಹೊಲಿಗೆ ಜಗ್ಗುವುದನ್ನೂ ಲೆಕ್ಕಿಸದೆ ಸ್ಟೂಲು ಹತ್ತಿ, ಹಿತ್ತಾಳೆ ಡಬ್ಬಿ ಇಳಿಸಿದೆ. ಬಾಯಿ ತೊಳೆದು, ಕಾಕಾರ ಕೈಬರಹದ ಕಾಗದದಿಂದ ಅಶೋಕದ ತುಂಡು ತೆಗೆದು ಅಗಿದು, ಉಗುಳಿ ಕಾದೆ. ನಾಲಗೆಯ ನಡುಭಾಗವನ್ನು ಯಾರೋ ಎರಡು ಬೆರಳಿನಲ್ಲಿ ಹಿಡಿದು ಜಗ್ಗಿದ ಹಾಗಾಯಿತು. ನೀರು ಕುಡಿದರೂ ಬಿಡಲಿಲ್ಲ. ನನ್ನ ನಾಲಗೆಗೆ ಏನೂ ಆಗಿರಲಿಲ್ಲ. ಯಾವತ್ತೂ ಏನೂ ಆಗಿರಲಿಲ್ಲ. ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಗೋಳೋ ಎಂದು ಅತ್ತೆ.

ನಡೆಯುವ ಶಕ್ತಿ ಬಂದ ದಿನವೇ ಅಂಗಡಿಗೆ ಹೋದೆ. ಕಾಕಾ ಎದ್ದು ನಿಂತು, "ಬಾರವಾ, ಎಷ್ಟ ಸೊರಗಿ" ಎಂದು ಗಾದಿಯ ಮೇಲೆ ಜಾಗ ಮಾಡಿದರು. ನಾನು ಕೂರಲಿಲ್ಲ. ಅದೇ ಸ್ಟೀಲಿನ ತಾಟು ತೆಗೆದುಕೊಂಡು ಮೂರು ತುಂಡು ಇಟ್ಟೆ. ನನ್ನ ಡಬ್ಬಿಯ ಅಶೋಕ, ಅಂಗಡಿಯ ಅಶೋಕ, ನಮ್ಮ ಕಾಂಪೌಂಡಿನ ಗಿಡದ ತೊಗಟೆ.

"ಕಣ್ಣ ಮುಚ್ಚರಿ ಕಾಕಾ. ಅಸಲ್ ಯಾವುದು ಹೇಳ್ರಿ."

ಅವರಿಗೆ ಅರ್ಥವಾಯಿತು. ಆದರೂ ಕಣ್ಣು ಮುಚ್ಚಿದರು. ಮೂರನ್ನೂ ಅಗಿದರು, ಮೂರನ್ನೂ ಉಗುಳಿದರು. ಬಹಳ ಹೊತ್ತು ಹಾಗೇ ಕೂತರು. ಕಣ್ಣು ತೆರೆಯದೆಯೇ ಹೇಳಿದರು: "ಏನೂ ತಿಳೀವಲ್ದವಾ. ಆ ಜ್ವರ ಬಂದಾಗಿಂದ ಏನೂ ಇಲ್ಲ. ಉಪ್ಪೂ ಇಲ್ಲ, ಒಗರೂ ಇಲ್ಲ."

"ನಿಮ್ಮ ನಾಲಗಿ ಹೋಗಿತ್ತು. ನನ್ನದು ಹೋಗೇದ ಅಂದ್ರಿ."

ಅವರು ಕಣ್ಣು ತೆರೆದು ತಾಟನ್ನು ನೋಡಿದರು.

"ನನಗ ಕಲಿಸಿದವರು ನೀವ. ನಾ ಇಲ್ಲೇ ಇದ್ದೆ, ನಿಮ್ಮ ಮಗ್ಗಲದಾಗ. ಒಂದ ಮಾತ ಕೇಳಿದ್ರ ನಾ ಅಗದು ಹೇಳತಿದ್ದಿಲ್ಲೇನ್ರಿ? ಯಾಕ ಕೇಳಲಿಲ್ಲ?"

"ಕೇಳಿದ ದಿನಾ ನಾ ಈ ಗಾದಿ ಮ್ಯಾಲಿಂದ ಇಳೀಬೇಕಾಗತಿತ್ತು" ಎಂದರು. ದನಿ ಬಹಳ ಸಣ್ಣಗಿತ್ತು. ನಲವತ್ತು ವರ್ಷ ಕೂತ ಗಾದಿ. ಇಳಿಯುವುದು ಸುಲಭವಲ್ಲ. ಇನ್ನೊಂದು ನಿಮಿಷ ಕಳೆದಿದ್ದರೆ ಅವರ ಪಕ್ಕದಲ್ಲಿ ಕೂತು ಕೈ ಹಿಡಿಯುತ್ತಿದ್ದೆನೇನೋ.

ಅಷ್ಟರಲ್ಲಿ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ಮುಖ ಬಿಳಿಚಿಕೊಂಡಿತ್ತು. ಅಶೋಕದ ತೊಗಟೆ ಬೇಕು, ಅಸಲಿಯೇ ತಾನೇ ಎಂದು ಮರಾಠಿಯಲ್ಲಿ ಕೇಳಿದಳು. ಕಾಕಾ ಕಣ್ಣೊರೆಸಿಕೊಂಡು, ಡಬ್ಬಿಗೆ ಕೈ ಹಾಕಿ, ಒಂದು ತುಂಡು ತೆಗೆದು ಬಾಯಿಗಿಟ್ಟು, ಕಣ್ಣು ಮುಚ್ಚಿ, ತೆರೆದು, "ಅಸ್ಸಲ್ ಆಹೇ" ಎಂದರು. ನಾನು ಎರಡು ಮೊಳದ ದೂರದಲ್ಲಿ ನಿಂತಿದ್ದೆ. ನನ್ನ ತಾಟು ಇನ್ನೂ ಅವರ ಮುಂದೆಯೇ ಇತ್ತು.

ಪೊಟ್ಟಣವನ್ನು ಆ ಹೆಂಗಸಿನ ಕೈಯಿಂದ ಕಿತ್ತುಕೊಂಡು, ಇದು ಬೇಡ ತಾಯಿ, ಇವತ್ತೇ ದವಾಖಾನೆಗೆ ಹೋಗು ಎಂದು ಹೇಳಿ, ಅವಳ ಜೊತೆಗೇ ಮೆಟ್ಟಿಲಿಳಿದೆ. ಮತ್ತೆ ಆ ಗಲ್ಲಿಗೆ ಹೋದದ್ದು ಕಾಕಾ ತೀರಿಕೊಂಡಾಗಲೇ.

ನಡುವೆ ಅವರಾಗಿ ಹೇಳಿ ಕಳಿಸಿದ್ದರೆ ಹೋಗುತ್ತಿದ್ದೆನೋ ಇಲ್ಲವೋ ತಿಳಿಯದು. ಅವರು ಹೇಳಿ ಕಳಿಸಲಿಲ್ಲ. ಸಾವಿನ ಮನೆಯಲ್ಲಿ ಕಾಕು ನನ್ನ ಕೈ ಹಿಡಿದು ಅತ್ತರು. "ದಿನಾ ಮುಂಜಾನೆ ಬಾಯಿ ತೊಳಕೊಂಡು ಒಂದ ಅಳಲೆಕಾಯಿ ತುಂಡ ಇಟಗೊಂಡ ಕೂಡತಿದ್ರವಾ. ರುಚಿ ಬಂತೇನ್ರಿ ಅಂತ ನಾ ಕೇಳತಿದ್ದೆ. ಇಲ್ಲ ಅಂತ ಗೋಣ ಅಲ್ಲಾಡಸತಿದ್ರು. ನಮ್ಮಿಬ್ಬರಿಗೆ ಅಷ್ಟ ಗೊತ್ತಿತ್ತದು." ನನ್ನ ರಕ್ತದ ಸುದ್ದಿಯನ್ನು ಅವರಿಗೆ ಮುಟ್ಟಿಸಿದವರು ಇದೇ ಕಾಕು. ಆ ಪೊಟ್ಟಣಕ್ಕೆ ದಾರ ಸುತ್ತಿಕೊಟ್ಟವರೂ ಇವರೇ. ಮೆಲ್ಲಗೆ ಕೈ ಬಿಡಿಸಿಕೊಂಡು ಬಂದೆ.

ಜನ ಕ್ಷಮಿಸು ಎನ್ನುತ್ತಾರೆ. ಸತ್ತವರ ಮೇಲೆ ಎಂಥ ಸಿಟ್ಟು ಎನ್ನುತ್ತಾರೆ. ನನ್ನ ಸಿಟ್ಟು ಆರಿಲ್ಲ, ಸುಳ್ಳು ಯಾಕೆ ಹೇಳಲಿ? ಆದರೆ ಅವರು ಕೊಟ್ಟದ್ದು ನನ್ನ ಬಾಯಲ್ಲೇ ಇದೆ. ವಾಪಸ್ ಕೊಡುತ್ತೇನೆಂದರೂ ಕೊಡಲು ಬರುವುದಿಲ್ಲ. ಈಗ ನಮ್ಮ ಓಣಿಯ ಹೆಂಗಸರು ಎಲ್ಲೆಲ್ಲಿಂದಲೋ ತಂದ ಪೊಟ್ಟಣಗಳನ್ನು ನನ್ನ ಬಳಿ ತರುತ್ತಾರೆ. ಮೊದಲು ಡಾಕ್ಟರ ಚೀಟಿ ತೋರಿಸು ಎನ್ನುತ್ತೇನೆ, ಆಮೇಲೆ ಅಗಿದು ಹೇಳುತ್ತೇನೆ.

ಕಳೆದ ವಾರ, ಎದುರಿನ ಕಟ್ಟಡದ ಕೆಲಸಕ್ಕೆ ಯಾದಗಿರಿ ಕಡೆಯಿಂದ ಬಂದಿರುವ ಹೆಣ್ಣುಮಗಳೊಬ್ಬಳು ಮಧ್ಯಾಹ್ನದ ಬಿಡುವಿನಲ್ಲಿ ಓಡುತ್ತ ಬಂದಳು. ಡಾಕ್ಟರ ಮಾತ್ರೆಯ ಜೊತೆಗೆ ಕುಡಿಯಲೆಂದು ಅವಳ ಅತ್ತೆ ಅಶೋಕದ ತೊಗಟೆ ತರಿಸಿದ್ದರು. "ಲಗೂನ ನೋಡ್ರಿ ಅಕ್ಕಾ, ನಿಮ್ಮ ಮಾತಂದ್ರ ನಮ್ಮ ಅತ್ತಿಗೆ ಪಕ್ಕಾ" ಎಂದಳು. ನನಗೆ ಎರಡು ದಿನದಿಂದ ವಿಪರೀತ ನೆಗಡಿ. ಆದರೂ ಕೈ ತಾನಾಗಿ ತುಂಡನ್ನು ಎತ್ತಿತು, ಕಣ್ಣು ತಾನಾಗಿ ಮುಚ್ಚಿತು. ತೊಗಟೆ ತುಟಿಯವರೆಗೆ ಬಂದಿತ್ತು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಾಳೆಂದು ಮುಚ್ಚಿದ ಕಣ್ಣಿಗೂ ಗೊತ್ತಾಗುತ್ತಿತ್ತು. ಅಸಲ್ ಅದ ಎಂದುಬಿಡುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು.

ಕಣ್ಣು ತೆರೆದು ತುಂಡನ್ನು ಅವಳ ಕೈಗೇ ವಾಪಸ್ ಕೊಟ್ಟೆ.

"ನನಗ ನೆಗಡಿ ಆಗೇದವಾ. ಇವತ್ತ ನನ್ನ ನಾಲಗೀಗೆ ಏನೂ ತಿಳೀವಲ್ದು. ನೆಗಡಿ ಇಳದ ಮ್ಯಾಲೆ ಬಾ."

"ಆತ್ರಿ ಅಕ್ಕಾ" ಎಂದು ಅವಳು ಹೋದಳು. ಬೇಸರವನ್ನೂ ಮಾಡಿಕೊಳ್ಳಲಿಲ್ಲ. ನೀವು ಹೇಳಿದ್ದರೂ ಇಷ್ಟೇ ಆಗುತ್ತಿತ್ತು ಕಾಕಾ, ಇಷ್ಟೇ.